ಕೊಟ್ರಪ್ಪನವರೂ ನನ್ನ ತೂಬು ಭಾಷೆಯೂ

ಯಾವ ಫೈಲನ್ನೇ ಕೊಡಲಿ, ಕೊಟ್ರಪ್ಪನವರು ಮೊದಲ ಇಪ್ಪತ್ತು ಸಾಲುಗಳನ್ನು ಗಟ್ಟಿಯಾಗಿ ಓದದೆ ಕೀಲಿಮಣೆ ಮುಟ್ಟುತ್ತಿರಲಿಲ್ಲ. ಹಾಜರಿ ಕರೆಯುವ ಮೇಷ್ಟರ ದನಿ. ಅಂಕಿ ಸರಿಯಿದ್ದರೆ ತಲೆಯಾಡಿಸುವರು, ಅನುಮಾನ ಬಂದರೆ "ಯಾರಲೇ ನೀನು?" ಎಂದು ಪರದೆಯನ್ನೇ ಕೇಳುವರು. ನಮ್ಮ ಕಚೇರಿ ಹೊಸಪೇಟೆಯಲ್ಲಿ ಒಂದು ಮಿರ್ಚಿ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗಿನ ಒಗ್ಗರಣೆಯ ಘಾಟಿಗೆ ಕೆಮ್ಮು ಬಂದು ಓದು ನಿಂತರೆ, ಮತ್ತೆ ಮೊದಲನೆಯ ಸಾಲಿನಿಂದ ಶುರು.

ನಮ್ಮದು ಸಣ್ಣ ಕೆಲಸ, ಆದರೆ ಗಡಿಯಾರದ ಜೊತೆ ಓಡುವ ಕೆಲಸ. ಟಿ.ಬಿ. ಡ್ಯಾಮಿನ ಕಾಲುವೆಯುದ್ದಕ್ಕೂ ಇರುವ ನೀರಗಂಟಿಗಳು ದಿನಾ ಬೆಳಿಗ್ಗೆ ತಮ್ಮ ತಮ್ಮ ಊರಿನ ನೀರಿನ ಮಟ್ಟ ಬರೆದು ಕಳಿಸುತ್ತಿದ್ದರು. ತಿಂಗಳಿಗೊಂದು ಫೈಲು, ಅದರಲ್ಲಿ ಒಂದು ಊರಿನ ಎಲ್ಲ ದಿನಗಳ ಸಾಲು ಮುಗಿದ ಮೇಲೆ ಮುಂದಿನ ಊರು. ಅದನ್ನು ನೋಡಿ, ಕಂಪ್ಲಿ ಕಡೆಯ ಕೊನೆಯ ಗದ್ದೆಗಳಿಗೆ ನೀರು ಯಾವತ್ತು ಮುಟ್ಟುತ್ತದೆಂದು ಹತ್ತು ಗಂಟೆಯೊಳಗೆ ರೈತರ ಫೋನಿಗೆ ತಿಳಿಸಬೇಕು. ಸಂಡೂರಿನ ಗಣಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಕೂದಲು ನೆರೆಸಿಕೊಂಡು ಬಂದಿದ್ದ ಕೊಟ್ರಪ್ಪನವರು ಇದಕ್ಕೆ ಕಪ್ಪು ಪರದೆಯ ಹಳೆಯ ಸಲಕರಣೆಯೊಂದನ್ನು ಬಳಸುತ್ತಿದ್ದರು. ಅದು ಫೈಲನ್ನು ಸಾಲು ಸಾಲಾಗಿ ಓದುತ್ತಾ, ಹಿಂದಿನ ಸಾಲನ್ನು ನೆನಪಿಟ್ಟುಕೊಂಡು ಮುಂದೆ ಹೋಗುತ್ತಿತ್ತು. ಅವರ ಪ್ರೋಗ್ರಾಂ ಒಟ್ಟು ಹನ್ನೊಂದು ಸಾಲು.

ನಾನು ಅಲ್ಲಿಗೆ ಸೇರಿದ್ದು ಸ್ವಂತ ಭಾಷೆಯೊಂದನ್ನು ಹೊತ್ತುಕೊಂಡು. ಮೂರು ವರ್ಷ ಬಿಡುವಾದಾಗಲೆಲ್ಲ ಕೂತು ಕಟ್ಟಿದ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ, ಹೆಸರು ತೂಬು. ಅದರಲ್ಲಿ ಒಮ್ಮೆ ಹೆಸರಿಟ್ಟದ್ದನ್ನು ಆಮೇಲೆ ಬದಲಿಸುವಂತಿಲ್ಲ. ಅದೇ ಮಾಹಿತಿ ಕೊಟ್ಟರೆ ಎಷ್ಟು ಸಲ ಓಡಿಸಿದರೂ ಅದೇ ಉತ್ತರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೂ ಹಾಗೇ. ಆದರೆ ನನ್ನನ್ನು ಬಿಟ್ಟು ಇನ್ನೊಂದು ನರಪಿಳ್ಳೆಯೂ ಅದರಲ್ಲಿ ಒಂದು ಸಾಲು ಬರೆದಿರಲಿಲ್ಲ.

"ಎಷ್ಟು ಮಂದಿ ಆಡ್ತಾರ ತಂಗಿ ಈ ಭಾಷಾ?" ಎಂದು ಕೊಟ್ರಪ್ಪನವರು ಮೊದಲ ದಿನವೇ ಕೇಳಿದರು.

"ಸದ್ಯಕ್ಕ ನಾನೊಬ್ಬಾಕೀರಿ ಸರ್."

"ಹಂಗಾರ ಅದು ಭಾಷಾ ಅಲ್ಲ ತಂಗಿ. ಅದಕ್ಕ ಗೊಣಗೋದು ಅಂತಾರ."

ನಕ್ಕೆ. ಆದರೆ ಮಾತು ನಾಟಿತು. ಅವತ್ತಿನಿಂದ ಈ ಮನುಷ್ಯನ ಕೈಯಲ್ಲಿ ತೂಬಿನ ಒಂದು ಸಾಲು ಬರೆಸಲೇಬೇಕೆಂಬ ಹಟ ಹಿಡಿಯಿತು.

ನಮ್ಮ ಮಾಲೀಕರು ಅವರ ಸಲಕರಣೆ, ನನ್ನ ತೂಬು ಎರಡನ್ನೂ, ಜೊತೆಗೆ ಸ್ಪ್ರೆಡ್‌ಶೀಟನ್ನೂ ಸೇರಿಸಿ, ಸ್ವಲ್ಪ ದಿನ ಒಟ್ಟಿಗೆ ಓಡಿಸಿ ಹೋಲಿಸಲು ಹೇಳಿದರು. ಸ್ಪ್ರೆಡ್‌ಶೀಟ್ ಮೊದಲ ದಿನವೇ ಸೋತಿತು. ನೀರಗಂಟಿಗಳು ಮೂರು ಅಡಿ ನಾಲ್ಕು ಇಂಚನ್ನು 3-4 ಎಂದು ಬರೆದರೆ, ಅದು ಏಪ್ರಿಲ್ ಮೂರನೇ ತಾರೀಕು ಎಂದು ತಿಳಿಯಿತು. "ನೀರು ಕೇಳಿದ್ರ ಪಂಚಾಂಗ ಹೇಳ್ತೈತಲೇ ಇದು!" ಎಂದು ಕೊಟ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ನನ್ನ ಸರದಿ. ನಿನ್ನೆ ಇದ್ದಷ್ಟೇ ನೀರು ಇವತ್ತೂ ಇದ್ದರೆ ನೀರಗಂಟಿಗಳು ಅಂಕಿ ಬರೆಯುವುದಿಲ್ಲ, ಎರಡು ಸಣ್ಣ ಗೀಟು ಎಳೆದು ಬಿಡುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಪ್ರತಿ ಸಾಲನ್ನೂ ಬಿಡಿಬಿಡಿಯಾಗಿ ನೋಡುವ ನನ್ನ ಪ್ರೋಗ್ರಾಂ, ಗೀಟು ಕಂಡಲ್ಲೆಲ್ಲ ನೀರೇ ಇಲ್ಲವೆಂದು ಅರ್ಧ ಕಾಲುವೆಯನ್ನು ಒಣಗಿಸಿಬಿಟ್ಟಿತು.

"ನಿನ್ನ ತೂಬಿಗೆ ನಿನ್ನಿ ಅಂಬೋದ ಇಲ್ಲಲ್ಲವಾ!" ಎಂದ ಕೊಟ್ರಪ್ಪನವರು ಕೆಳಗೆ ಹೋಗಿ ಎರಡು ಮಿರ್ಚಿ ತಂದಿಟ್ಟರು. "ತಿನ್ನು. ಅಳು ಬಂದ್ರ ಖಾರ ಹತ್ತೇತಿ ಅಂತ ಹೇಳಾಕ ಬರ್ತೈತಿ."

ತಿಂದೆ, ತಿದ್ದಿದೆ. ಗೀಟು ಕಂಡರೆ ಅದೇ ಊರಿನ ಹಿಂದಿನ ಸಾಲನ್ನು ನೋಡು, ಬೇರೆ ಊರಿನದನ್ನು ಮುಟ್ಟಬೇಡ ಎಂದು ಬರೆದೆ.

ತಿಂಗಳ ಮೊದಲ ದಿನ ಹೊಸ ಫೈಲು ಬಂತು. ಅವರ ಸಲಕರಣೆ ಕಂಪ್ಲಿ ಕಡೆಗೆ ನಾಳೆಯೇ ನೀರು ಎಂದಿತು. ನನ್ನದು ನಡುವೆ ನಿಂತು, ಒಂದು ಊರಿನ ಹಿಂದಿನ ಸಾಲು ಸಿಗುತ್ತಿಲ್ಲ ಎಂದಿತು. ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು.

"ಮತ್ತ ಮಕ ಊದಿಸ್ಕೊಂಡು ಕುಂತೈತಿ ನೋಡು. ನಂದ ಕಳಸೋಣು."

"ಆ ಸಾಲು ಒಂದು ಓದ್ರಿ ಸರ್," ಎಂದೆ.

ಅದು ಇಪ್ಪತ್ತರೊಳಗಿನ ಸಾಲಲ್ಲ, ಎಷ್ಟೋ ಕೆಳಗಿತ್ತು. ಓದಿದರು. ಆ ಊರಿನ ಮೊದಲ ಸಾಲೇ ಗೀಟು. ಅದರ ಮೇಲಿನ ಸಾಲು ಬೇರೆ ಊರಿನದು, ಅಲ್ಲಿ ಕಾಲುವೆ ತುಂಬಿತ್ತು. ಅವರ ಸಲಕರಣೆ ಅದನ್ನೇ ಎತ್ತಿಕೊಂಡಿತ್ತು. ಆ ಊರಿನ ನೀರಗಂಟಿಗೆ ಫೋನ್ ಮಾಡಿದರು.

"ಹಾಳಿ ಬದ್ಲಾತ್ರಿ ಸರ್, ನೀರು ಬದ್ಲಾಗಿಲ್ಲಲ್ರೀ," ಎಂದ ಆತ. "ಹೋದ ತಿಂಗಳ ಕಡೀ ದಿನ ಇದ್ದಷ್ಟ ಐತಿ. ಒಂದು ಅಡಿ."

ಅಂದರೆ ನೀರು ಮುಟ್ಟಲು ಇನ್ನೂ ನಾಲ್ಕು ದಿನ ಬೇಕಿತ್ತು. ಆ ಸಂದೇಶ ಹೋಗಿದ್ದರೆ ಜನ ಅವತ್ತೇ ನಾಟಿಗೆಂದು ಭತ್ತದ ಸಸಿ ಕಿತ್ತಿಡುತ್ತಿದ್ದರು. ಕಿತ್ತ ಸಸಿ ಅಷ್ಟು ದಿನ ತಾಳುವುದಿಲ್ಲ. ಕೊಟ್ರಪ್ಪನವರು ಒಂದು ಅಡಿ ಎಂದು ತುಂಬಿ ಸರಿಯಾದ ಸಂದೇಶ ಕಳಿಸಿದರು. ನಾನು ಬಾಯಿ ಬಿಡುವ ಮೊದಲೇ ಮಾಲೀಕರ ಹತ್ತಿರ ಹೋಗಿ ತಾವೇ ಹೇಳಿದರು: "ನಂದು ಸುಳ್ಳು ಹೇಳ್ತ್ರೀ. ಈಕೀದು ಗೊತ್ತಿಲ್ಲ ಅಂತು. ಗೊತ್ತಿಲ್ಲ ಅನ್ನಾದ ಚಲೋ." ಅಷ್ಟು ಬೇಗ ತಪ್ಪು ಒಪ್ಪಿಕೊಂಡ ಹಿರಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ತೂಬು ಕಲಿಯಿರಿ ಎಂದರೆ ಮಾತ್ರ ಕೈಮುಗಿಯುತ್ತಿದ್ದರು. "ಈ ವಯಸ್ಸಿನ್ಯಾಗ ಇನ್ನೊಂದು ಭಾಷಾ ಬ್ಯಾಡ ತಂಗಿ." ಆಮೇಲೆ ಕಣ್ಣು ಮಂಜಾಗಿ ಕೆಲಸ ಬಿಟ್ಟು ಮಲಪನಗುಡಿಯ ಮನೆಯಲ್ಲೇ ಉಳಿದರು.

ಒಂದು ಭಾನುವಾರ ನೋಡಲು ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ಕೊಟ್ರಪ್ಪನವರು ದಿಂಬಿನ ಕೆಳಗಿನಿಂದ ಎರಡು ಹಾಳೆ ತೆಗೆದರು. ಪೆನ್ಸಿಲ್ಲಿನಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ, ತೂಬಿನ ಹತ್ತೊಂಬತ್ತು ಸಾಲು! ತಿಂಗಳ ಮೊದಲ ದಿನ ಗೀಟು ಬಂದರೆ ಹಿಂದಿನ ತಿಂಗಳ ಫೈಲಿನಿಂದ ಮಟ್ಟ ತರುವ ಪ್ರೋಗ್ರಾಂ. ಕಚೇರಿಯಲ್ಲಿ ನನ್ನ ಪರದೆ ನೋಡಿ ನೋಡಿಯೇ ಕಲಿತಿದ್ದರು; ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ.

"ಓಡಸಿ ನೋಡಿ ಫೋನ್ ಮಾಡು. ಬೈಬ್ಯಾಡ ಮತ್ತ," ಎಂದರು. ಬಸ್ಸಿನಲ್ಲಿ ಆ ಹಾಳೆಗಳನ್ನು ಎಷ್ಟು ಸಲ ತೆಗೆದು ನೋಡಿದೆನೋ. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಆದರೆ ಇವತ್ತು ನಾಳೆ ಎನ್ನುತ್ತಾ ಓಡಿಸುವುದು ಉಳಿಯಿತು. ಮೂರು ವಾರಕ್ಕೆ ಅವರು ತೀರಿಕೊಂಡರು, ಎದೆನೋವು.

ಮಣ್ಣು ಮಾಡಿ ಬಂದ ಮರುದಿನ ಆ ಸಾಲುಗಳನ್ನು ಟೈಪ್ ಮಾಡಿದೆ. ಆರನೆಯ ಸಾಲಿನಲ್ಲಿ ನಿಂತುಬಿಟ್ಟಿತು. ವಯಸ್ಸಾದವರು, ಎಲ್ಲೋ ಒಂದು ಚಿಹ್ನೆ ಬಿಟ್ಟಿದ್ದಾರೆಂದು ಎರಡು ದಿನ ಹುಡುಕಿದೆ. ತಪ್ಪು ಅವರದಾಗಿರಲಿಲ್ಲ, ನನ್ನ ಭಾಷೆಯದು. ನಾನೊಬ್ಬಳೇ ಬರೆಯುತ್ತಿದ್ದಾಗ ಅದು ಎಂದೂ ಹೊರಗೆ ಬಿದ್ದಿರಲಿಲ್ಲ. ತೂಬನ್ನು ಸರಿಮಾಡಿದೆ. ಅವರ ಹತ್ತೊಂಬತ್ತು ಸಾಲು ಬರೆದದ್ದು ಬರೆದಂತೆಯೇ ಓಡಿತು.

ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಅವರ ನಂಬರಿಗೇ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಆರನೆಯ ಸಾಲಿನ ಕಥೆಯನ್ನೆಲ್ಲ ಅವರಿಗೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ನನಗ ತಿಳಿಯಂಗಿಲ್ಲ ಯವ್ವಾ," ಎಂದರು. "ಆ ಹುಡುಗಿ ಫೋನ್ ಮಾಡಿದ್ಲೇನು, ಮಾಡಿದ್ಲೇನು ಅಂತ ದಿನಾ ಕೇಳ್ತಿದ್ರು. ಅದು ಓಡ್ತೇನವಾ?"

"ಓಡ್ತ್ರೀ ಅಮ್ಮಾ," ಎಂದೆ.