ಹೆದ್ದಾರಿ ಅಂಚಿನ ಗೋವಿನಜೋಳ

ನಮ್ಮವ್ವನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಕಣ್ಣೊಳಗೆ ಇಂಜೆಕ್ಷನ್ ಹಾಕಿಸಬೇಕು. ತಪ್ಪಿಸಿದರೆ ಉಳಿದ ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಅವಳಿರುವುದು ಅಂತೂರ ಬೆಂತೂರದಲ್ಲಿ, ಅಣ್ಣನ ಜೊತೆ. ಅಣ್ಣನಿಗೆ ಹೊಲ ಬಿಟ್ಟು ಕದಲಲು ಆಗುವುದಿಲ್ಲ. ಬೆಟಗೇರಿಯಿಂದ ಕಾರು ತಂದು ಅವಳನ್ನು ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ನಾನು ಡ್ರೈವಿಂಗ್ ಕಲಿತದ್ದೇ ಅದಕ್ಕೆ, ಇಲ್ಲದಿದ್ದರೆ ಯಾರಿಗೆ ಬೇಕಿತ್ತು ಆ ರಗಳೆ!

ಗದಗಿನಲ್ಲಿ ಕಲಿಸಿದವರು ಹೆದ್ದಾರಿ ಸೇರುವುದೊಂದನ್ನೇ ಮತ್ತೆ ಮತ್ತೆ ಮಾಡಿಸಿದ್ದರು. "ಅಕ್ಕಾರ, ಬಾಗಲದಾಗ ನಿಂತು ಒಳಗ ಕರೀಲಿ ಅಂತ ಕಾಯಬ್ಯಾಡ್ರಿ. ಬಾಜೂಕಿನ ಪಟ್ಟಿ ಇರೋದು ಓಟ ಹಿಡ್ಯಾಕ. ಕನ್ನಡಿ ನೋಡ್ರಿ, ಇಂಡಿಕೇಟರ್ ಹಾಕ್ರಿ, ಅವರ ಸ್ಪೀಡಿಗೆ ಬಂದು ಸಂದು ನೋಡಿ ಕೂಡಿಕೊಳ್ರಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಕಾರು ಹತ್ತಿದವರಿಗೆಲ್ಲ ಒಂದೇ ಮಾತು: "ಸಾವಕಾಶ ಹೋಗ್ರಿ." ಧಾವಿಸುವ ಲಾರಿಗಳ ನಡುವೆ ಸಾವಕಾಶ ಹೋಗುವುದೂ ಅಪಾಯವೇ ಎಂದು ಹೇಳಿದರೆ ಯಾರು ಕೇಳುತ್ತಾರೆ? ಅವ್ವನಂತೂ, "ನಿನಗ ಭಾಳ ಸೊಕ್ಕ ಬಂದೈತಿ" ಎಂದಳು.

ನಮ್ಮೂರ ಕಡೆಯ ರಸ್ತೆ ಹೆದ್ದಾರಿ ಕೂಡುವಲ್ಲಿ ಎಡಕ್ಕೆ ಓಟ ಹಿಡಿಯಲು ಅಂಥದೊಂದು ಪಟ್ಟಿಯಿದೆ. ಸುಗ್ಗಿಯಲ್ಲಿ ಅದು ಊರವರ ಕಣ. ನುಣ್ಣನೆಯ ಡಾಂಬರು, ಮೇಲೆ ಬಿಸಿಲು, ಇನ್ನೇನು ಬೇಕು? ಗೋವಿನಜೋಳ ಹರವಿ, ಸುತ್ತ ಕಲ್ಲಿಟ್ಟು, ಬೇವಿನ ನೆರಳಲ್ಲಿ ಕಾಯುತ್ತ ಕೂಡುತ್ತಾರೆ. ಹೋದ ಸುಗ್ಗಿಯಲ್ಲಿ ಅಲ್ಲಿ ಹರವಿದ್ದವನು ನನ್ನ ಅಣ್ಣನೇ. ಇಂಜೆಕ್ಷನ್ನಿನ ಹಿಂದಿನ ದಿನವೇ ಊರಿಗೆ ಬಂದಿದ್ದ ನಾನು ತೆಗೆ ಎಂದರೆ, "ಎರಡು ದಿನದ ಮಾತು ತಂಗಿ, ಯಾರ ಗಂಟು ಹೋಗ್ತೈತಿ?" ಎಂದು ನನ್ನ ಬಾಯಿ ಮುಚ್ಚಿಸಿದ್ದ. ನನಗೆ ಮೈಯೆಲ್ಲ ಉರಿದಿತ್ತು.

ಮರುದಿನ ಬೆಳಿಗ್ಗೆ ಅವ್ವನನ್ನು ಕೂರಿಸಿಕೊಂಡು ಹೊರಟೆ. ಕಾಳು ಪಟ್ಟಿಯ ಕೊನೆಯಲ್ಲಿ ಸ್ವಲ್ಪವೇ ಇರಬಹುದು ಎಂದುಕೊಂಡಿದ್ದೆ. ಓಟ ಹಿಡಿಯುತ್ತಿದ್ದಂತೆ ಎದುರಿಗೆ ಪಟ್ಟಿಯ ತುಂಬ ಹಳದಿ ಕಾಳು. "ಯವ್ವಾ, ಕಾಳಿನ ಮ್ಯಾಲ ಹಾಯಿಸಬ್ಯಾಡ!" ಅವ್ವ ಚೀರಿದಳು. ಅವಳು ಚೀರುವ ಮೊದಲೇ ನನ್ನ ಕಾಲು ಬ್ರೇಕ್ ತುಳಿದಿತ್ತು. ತಿನ್ನುವ ಕಾಳಿಗೆ ಕಾಲು ತಗುಲಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಅದರ ಮೇಲೆ ಗಾಲಿ ಹಾಯಿಸುವುದು ಹೇಗೆ? ಅಲ್ಲೇ ನಿಂತಿದ್ದರೂ ಆಗುತ್ತಿತ್ತು. ಆದರೆ ಕೈ ಸ್ಟೇರಿಂಗನ್ನು ಬಲಕ್ಕೆ ಎಳೆದುಬಿಟ್ಟಿತು. ಕನ್ನಡಿ ನೋಡಲಿಲ್ಲ, ಏನೂ ಇಲ್ಲ. ಎತ್ತಿನಗಾಡಿಯ ವೇಗದಲ್ಲಿ ಹೆದ್ದಾರಿಗೆ ಹೊಕ್ಕಿದ್ದೆ.

ಹಿಂದಿನಿಂದ ಲಾರಿಯ ಹಾರ್ನು ಕಿವಿ ಹರಿಯುವಂತೆ ಬಂತು. ಟೈರುಗಳು ಕಿರುಚಿದವು. ಲಾರಿ ನಮ್ಮ ಬಲಕ್ಕೆ ಸವರಿಕೊಂಡೇ ದಾಟಿ, ಮುಂದೆ ಹೋಗಿ ಅಂಚಿಗೆ ನಿಂತಿತು. ಡ್ರೈವರ್ ಇಳಿದು ಬಂದ. "ಸಾಯಾಕ ನನ್ನ ಲಾರಿನ ಬೇಕಾಗಿತ್ತೇನ್ರಿ ನಿಮಗ? ನನಗೂ ಹೆಂಡ್ತಿ ಮಕ್ಕಳು ಅದಾರ್ರಿ!" ಎಂದ.

ಬೇವಿನ ನೆರಳಲ್ಲಿ ಕಾಳು ಕಾಯುತ್ತಿದ್ದ ಅಣ್ಣ ಓಡಿ ಬಂದ. "ಹುಚ್ಚೀ, ಕಾಳಿನ ಮ್ಯಾಲ ಹಾಯಿಸಿದ್ರ ಏನ್ ಆಕ್ಕಿತ್ತು?"

"ನೀ ಆಗಿದ್ರ ಹಾಯಿಸ್ತಿದ್ದೇನು?" ಎಂದೆ. ಅವನೂ ಹಾಯಿಸುತ್ತಿರಲಿಲ್ಲ. ಆ ಊರಲ್ಲಿ ಯಾರೂ ಹಾಯಿಸುತ್ತಿರಲಿಲ್ಲ.

ಅವತ್ತು ಹೇಗೋ ಹುಬ್ಬಳ್ಳಿ ಮುಟ್ಟಿ ಬಂದೆವು. ದಾರಿಯುದ್ದಕ್ಕೂ ಅವ್ವ ಸೀಟಿನ ಅಂಚು ಬಿಗಿಹಿಡಿದೇ ಕೂತಿದ್ದಳು.

ಮುಂದಿನ ತಿಂಗಳು ಹೋದಾಗ ಪಟ್ಟಿ ಬಯಲಾಗಿತ್ತು. ಅಣ್ಣ ತನ್ನ ಕಾಳು ತೆಗೆದದ್ದಲ್ಲದೆ ಬೇರೆಯವರ ಜೊತೆಗೂ ಜಗಳಾಡಿ ತೆಗೆಸಿದ್ದ. ನನಗೆ ಸಮಾಧಾನವಾಗಿತ್ತು. ಆದರೆ ಅವ್ವ ಕಟ್ಟೆಯಿಂದ ಏಳಲಿಲ್ಲ.

"ರಸ್ತಾ ಖಾಲಿ ಐತಿ, ಬಾರವ್ವಾ. ಹೊತ್ತಾಕ್ಕೈತಿ" ಎಂದೆ.

"ನಾ ಬರಂಗಿಲ್ಲ."

"ಹಂಗಾರ ಅಣ್ಣನ ಕೂಡ ಬಸ್ಸಿಗೆ ಹೋಗು."

"ಅವಗ ತಿಂಗಳಾ ಹೊಲ ಬಿಡಾಕ ಆಕ್ಕೈತೇನು? ಮುಂದಿನ ತಿಂಗಳ ಮತ್ತ ನೀನ ಕಾರ್ ತೊಗೊಂಡು ಬರ್ತಿ. ನಿನ್ನ ಹುಡುಗ್ರು ಇನ್ನೂ ಸಾಲಿಗೆ ಹೋಗ್ತಾವು. ನನ್ನ ಕಣ್ಣಿನ ಸಂಬಂಧ ಅವು ತಾಯಿಲ್ಲದ ಪರದೇಶಿ ಆಗೋದು ಬ್ಯಾಡ. ಹೋದ್ರ ಹೋಗ್ಲಿ ಕಣ್ಣು."

ಬೈದೆ. ಕಾಲು ಹಿಡಿದೆ. ಅತ್ತೆ. ಅಣ್ಣ ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದ. ಅವ್ವ ನನ್ನ ಗದ್ದ ಹಿಡಿದು, ಮುಖವನ್ನು ತನ್ನ ಮುಖದ ಹತ್ತಿರಕ್ಕೆ, ತೀರಾ ಹತ್ತಿರಕ್ಕೆ ಎಳೆದುಕೊಂಡು ನೋಡತೊಡಗಿದಳು. ಆಸ್ಪತ್ರೆಯವರು ಕೊಟ್ಟಿದ್ದ ಹೊತ್ತು ಮೀರಿಹೋಯಿತು. ಅವಳು ಇನ್ನೂ ನೋಡುತ್ತಲೇ ಇದ್ದಳು.