ಮಾರ್ಥಾ ದೊಡ್ಡವ್ವ ಎಬ್ಬಿಸುತ್ತಿದ್ದ ಈಸ್ಟರ್

ಈಸ್ಟರ್ ದಿನ ನಮ್ಮ ಮನೆಯಲ್ಲಿ ಕೋಳಿ ಕೂಗಿದ್ದಕ್ಕೆ ಎದ್ದವರು ಯಾರೂ ಇಲ್ಲ. ಮಾರ್ಥಾ ದೊಡ್ಡವ್ವ ಕಾಲಿನ ಹೆಬ್ಬೆರಳು ಹಿಡಿದು ಜಗ್ಗಿದಾಗ ಎದ್ದವರೇ ಎಲ್ಲರೂ. ಮಸ್ಕಿಯ ಸೆಕೆಗೆ ಆ ದಿನಗಳಲ್ಲಿ ಒಳಗೆ ಮಲಗಲು ಸಾಧ್ಯವೇ? ಸಿಂಧನೂರಿನಿಂದ, ಲಿಂಗಸುಗೂರಿನಿಂದ ಹಬ್ಬಕ್ಕೆ ಬಂದವರೆಲ್ಲ ಅವಳ ಮನೆಯ ಮಾಳಿಗೆಯ ಮೇಲೆ ಸಾಲಾಗಿ ಉರುಳಿಕೊಂಡಿರುತ್ತಿದ್ದೆವು. ಬೆಳಕು ಹರಿಯುವ ಮುಂಚೆ ದೊಡ್ಡವ್ವ ಮೈತೊಳೆದು, ಬಿಳಿ ಸೀರೆ ಉಟ್ಟು, ಮೆಟ್ಟಿಲು ಹತ್ತಿ ಬರುವಳು. ಒಬ್ಬೊಬ್ಬರ ಬೆರಳು ಜಗ್ಗಿ "ಕರ್ತ ಎದ್ದಾನ!" ಅನ್ನುವಳು. "ಖರೇನ ಎದ್ದಾನ" ಎಂದು ಉತ್ತರ ಕೊಡುವ ತನಕ ಬೆರಳು ಬಿಡುವ ಹೆಂಗಸಲ್ಲ. ನಿದ್ದೆಗಣ್ಣಲ್ಲಿ ಬರೀ ಹೂಂ ಅಂದೆವೋ, ಮುಗಿಯಿತು.

"ಸಮಾಧಿಯಾಗ ಇದ್ದಾವ ಎದ್ದು ಹೋಗ್ಯಾನ, ನಿನಗೇನ್ ಧಾಡಿ ಆಗ್ಯದ ಬೇ? ಏಳ್!"

ನನ್ನ ಅಕ್ಕನ ಮದುವೆಯಾದ ಹೊಸದರಲ್ಲಿ ಅವಳ ಗಂಡನ ಬೆರಳನ್ನೂ ದೊಡ್ಡವ್ವ ಜಗ್ಗಿಬಿಟ್ಟಳು. ಆ ಮನುಷ್ಯ "ಹಾವು, ಹಾವು!" ಎಂದು ಚೀರಿ ಎದ್ದು ಕೂತ. ನಮ್ಮವ್ವ ಗಾಬರಿಯಾಗಿ, "ಅಯ್ಯ ಅಕ್ಕಾ, ಅಳಿಯಂದ್ರು ಬೇ!" ಅಂದಳು. ದೊಡ್ಡವ್ವನ ಕೈ ಸಡಿಲಾಗಲಿಲ್ಲ. "ಅಳಿಯಂದ್ರಾದ್ರ ಏನಾತು? ಉತ್ತರ ಕೊಟ್ಟು ಕೂಡ್ರಲಿ." ಪಾಪ, ಆತ ಕೈಮುಗಿದು "ಖರೇನ ಎದ್ದಾನ್ರಿ" ಅಂದ ಮೇಲೆಯೇ ಬಿಡುಗಡೆ. ನಾವು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಸ್ವಲ್ಪ ತಲೆಹರಟೆ ಬೇರೆ. ಒಮ್ಮೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಕೇಳಿದೆ: "ಸತ್ತವರು ಏಳೋದು ಖರೇ ಅಂತೀ ಏನ್ ದೊಡ್ಡವ್ವ?"

ತಲೆ ಎತ್ತದೆ ಅಂದಳು: "ಖರೇ ಇಲ್ಲಂದ್ರ ನಾ ಅಂತಿದ್ನೇನು? ಸುಳ್ಳು ಆಡಿದಾಕಿ ಅಲ್ಲ ನಾ."

ಅದು ನಿಜ. ಸಂತೆಯಲ್ಲಿ ಕೊಳೆತ ಟೊಮೇಟೊ ಮಾರುವವಳಿಗೂ ಮುಖದ ಮೇಲೆ ಹೇಳಿ ಬರುವ ಬಾಯಿ ಅದು.

ಅವಳಿಗೆ ಇದ್ದವನು ಒಬ್ಬನೇ ಮಗ, ದಾನಿಯೇಲ. ನಮಗೆಲ್ಲ ದಾನಿ. ಗಂಡ ಹೋದ ಮೇಲೆ ಅವನನ್ನೇ ನೋಡಿಕೊಂಡು ಬದುಕಿದವಳು. ದಢೇಸುಗೂರಿನ ಕಡೆಯಿಂದ ಮಿಲ್ಲಿಗೆ ಭತ್ತ ಸಾಗಿಸುವ ಗಾಡಿ ಓಡಿಸುತ್ತಿದ್ದ ದಾನಿ. ಆ ಹುಡುಗನ ಕಿಡ್ನಿ ಕೆಟ್ಟವು. ವಾರವಾರವೂ ಬುತ್ತಿ ಕಟ್ಟಿಕೊಂಡು, ಅವನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಸಿಂಧನೂರಿಗೆ ಡಯಾಲಿಸಿಸ್‌ಗೆ ಹೋಗುವಳು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ಶುರುವಾದ ಮೇಲೆ ಹಗಲೆಲ್ಲ ಉಪವಾಸ ಹಿಡಿದಳು. "ಈಸ್ಟರಿಗೆ ಎದ್ದು ಓಡಾಡ್ತಾನ ನೋಡ್ರಿ" ಎಂದು ಕೇಳಿದವರಿಗೆಲ್ಲ ಹೇಳುವಳು.

ಈಸ್ಟರಿಗೆ ಒಂದು ವಾರ ಇದ್ದಾಗ ದಾನಿ ತೀರಿಕೊಂಡ.

ಅವನನ್ನು ಅಂಗಳದಲ್ಲಿ ಮಲಗಿಸಿ, ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಎದ್ದು ಬಂದು ಅವನ ಕಾಲ ಬಳಿ ಕುಳಿತಳು. ಕಟ್ಟು ಬಿಚ್ಚಿದಳು. ಹೆಬ್ಬೆರಳು ಹಿಡಿದು ಜಗ್ಗಿದಳು.

"ಏಳಪಾ ದಾನಿ. ಕರ್ತ ಎದ್ದಾನ."

ಮತ್ತೆ ಜಗ್ಗಿದಳು. "ಉತ್ತರ ಕೊಡೋ ತನಾ ಬಿಡಂಗಿಲ್ಲ ನೋಡು."

ಪಾಸ್ಟರು ತೆರೆದಿದ್ದ ಬೈಬಲ್ ಮಡಚಿದರು. ಕೊನೆಗೆ ನಮ್ಮವ್ವ ತನ್ನ ಅಕ್ಕನ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆ ಹೊತ್ತು ನನಗೆ ದೇವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಿನ್ನ ಮಗನನ್ನು ನೀನು ಎಬ್ಬಿಸಿಕೊಂಡೆಯಲ್ಲ, ಇವಳ ಮಗ ನಿನಗೇನು ಮಾಡಿದ್ದ?

ಮರುವರ್ಷ ಹಬ್ಬಕ್ಕೆ ಅವಳೊಬ್ಬಳೇ ಇರಬಾರದೆಂದು ಎಲ್ಲರೂ ಮಸ್ಕಿಗೆ ಹೋದೆವು. ನಸುಕಿನಲ್ಲಿ ನನಗೇ ಎಚ್ಚರವಾಯಿತು. ಕೆಳಗಿಳಿದು ನೋಡಿದರೆ ದೊಡ್ಡವ್ವ ಅಂಗಳದ ಹೊರಸಿನ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ನಾನು ಅಂಜುತ್ತಲೇ ಅವಳ ಹೆಬ್ಬೆರಳು ಹಿಡಿದೆ.

"ದೊಡ್ಡವ್ವ, ಕರ್ತ ಎದ್ದಾನ."

ಮುಖ ನನ್ನ ಕಡೆ ಹೊರಳಿಸಿದಳು. "ನೀ ಅಂದಿ, ನನಗ ಕೇಳಿಸ್ತು. ಉತ್ತರ ಬಾಯಿಗೆ ಬರವಲ್ದು ಯವ್ವ. ಸುಳ್ಳು ಹೆಂಗ ಅನ್ನಲಿ?"

ನಾನು ಹಿಡಿದುಕೊಂಡೇ ಇದ್ದೆ.

"ಬೆರಳ ಬಿಡು" ಅಂದಳು. ಬಿಟ್ಟೆ.

ಆಮೇಲೆ ಎದ್ದು ನಮಗೆಲ್ಲ ಶಾವಿಗೆ ಪಾಯಸ ಮಾಡಿದಳು, ಚರ್ಚಿಗೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ಹಾಡಲಿಲ್ಲ. ನಾನು ಅವಳನ್ನು ನೋಡಿದ್ದು ಅದೇ ಕಡೆಯ ಸಲ. ಮಳೆಗಾಲದಲ್ಲಿ ಅವಳೂ ಹೋದಳು. ದಾನಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಈ ವರ್ಷವೂ ಈಸ್ಟರಿಗೆ ಅದೇ ಮಾಳಿಗೆಯ ಮೇಲೆ ಮಲಗಿದ್ದೆವು. ಬಿಸಿಲು ಮುಖಕ್ಕೆ ಚುರುಕು ಮುಟ್ಟಿಸಿದಾಗ ಎಚ್ಚರವಾಯಿತು. ಚರ್ಚಿನ ಮೈಕಿನಲ್ಲಿ ಬೆಳಗಿನ ಆರಾಧನೆಯ ಕಡೆಯ ಆಶೀರ್ವಾದ ನಡೆದಿತ್ತು. ಅಕ್ಕನ ಗಂಡ ಎದ್ದು ಕೂತು ತನ್ನ ಕಾಲುಗಳನ್ನೇ ನೋಡಿಕೊಂಡ.

"ಯಾರೂ ಎಬ್ಬಿಸ್ಲೇ ಇಲ್ಲಲ್ಲ" ಅಂದ.