ಒಲೆಯ ಮೇಲೆ ತೂಗಿದ ಮೃದಂಗ

ಮಳೆಗಾಲದಲ್ಲಿ ನನ್ನ ಕ್ಲಾಸಿಗೆ ಬರುವ ಮಕ್ಕಳು ಮೃದಂಗದ ಚೀಲ ಬಿಚ್ಚಿದರೆ ಮೊದಲು ಹೊರಬರುವುದು ತೇವ ಹಿಡಿದ ಚರ್ಮದ ವಾಸನೆ. ವಿಶ್ವವಿದ್ಯಾಲಯದ ಆ ಪಾಠದ ಕೋಣೆಯಲ್ಲಿ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಮಾತ್ರ ತಮಿಳುನಾಡಿಗೆ ಸೇರಿದ ಗಡಿಯೂರು ಗೆಟ್ಟವಾಡಿಯ ನಮ್ಮ ಮನೆಯ ಕೊಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಮೇವಿನ ರಾಶಿಯ ಪಕ್ಕ, ಗೋಣಿತಾಟು ಹೊದ್ದು ನನ್ನ ಮೊದಲ ಮೃದಂಗ ಕೂತಿರುತ್ತಿತ್ತು. ಈಗ ಆ ಕೊಟ್ಟಿಗೆಯೂ ಇಲ್ಲ, ಮನೆಯೂ ಇಲ್ಲ. ಆ ಜಾಗದಲ್ಲಿ ಚಿಕ್ಕಪ್ಪನ ಮಕ್ಕಳು ತಾರಸಿ ಮನೆ ಕಟ್ಟಿಕೊಂಡು ಸುಖವಾಗಿದ್ದಾರೆ, ಅವರ ಮೇಲೆ ನನಗೆ ಕೋಪವೇನೂ ಇಲ್ಲ. ಆದರೆ ಹುಟ್ಟಿದ ಮನೆಯನ್ನು ಕಳೆದುಕೊಂಡವರಿಗೆ ನಾನು ಹೇಳುವುದು ಅರ್ಥವಾದೀತು. ಹಬ್ಬಕ್ಕೆ ಹೋದಾಗಲೆಲ್ಲ ಇಲ್ಲದ ಹೊಸಿಲನ್ನು ದಾಟಲು ಕಾಲು ತಾನಾಗಿ ಮೇಲೇಳುತ್ತದೆ.

ಮೃದಂಗ ಕೊಟ್ಟಿಗೆಯಲ್ಲಿ ಇದ್ದದ್ದು ಅಜ್ಜಿಯಿಂದಾಗಿ. ಅಪ್ಪನ ತಾಯಿ ಅವಳು. ಶಿವಪೂಜೆ ನಡೆಯುವ ಮನೆಯೊಳಗೆ ಚರ್ಮ ಬರಕೂಡದು ಎಂಬುದು ಅವಳ ಕಟ್ಟಳೆ. ಯಾರದಾದರೂ ಚಪ್ಪಲಿ ಸೋಕಿದರೆ ತಲೆಗೆ ನೀರು ಸುರಿದುಕೊಳ್ಳುತ್ತಿದ್ದಳು. ಈರೋಡಿನ ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದ ತಮಿಳು ಮೇಷ್ಟ್ರು, ನಾನು ಬೆಂಚು ಬಡಿಯುವುದನ್ನು ಕೇಳಿ, ಬೈಯುವ ಬದಲು ತಮ್ಮ ಹಳೇ ಮೃದಂಗವನ್ನು ಕೊಟ್ಟು ಪಾಠ ಶುರುಮಾಡಿದರು. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಅಪ್ಪ ಗೊಣಗಿದರೂ ಅಜ್ಜಿ ಬೇಡ ಅನ್ನಲಿಲ್ಲ, ವಾದ್ಯ ಹೊಸಿಲಾಚೆ ಇರಲಿ ಎಂದಳು, ಅಷ್ಟೇ. ಹೀಗಾಗಿ ನನ್ನ ಸಾಧಕವೆಲ್ಲ ದನಗಳ ಮುಂದೆಯೇ ನಡೆಯಿತು. ಅವುಗಳಷ್ಟು ಧಾರಾಳವಾಗಿ ತಲೆಯಾಡಿಸುವ ಕೇಳುಗರು ನನಗೆ ಆಮೇಲೆ ಸಿಗಲೇ ಇಲ್ಲ.

ಪ್ಲಸ್ ಟೂ ಮುಗಿದ ವರ್ಷ ಮೇಷ್ಟ್ರು ನನ್ನನ್ನು ಮೈಸೂರಿನ ಸಂಗೀತ ಕಾಲೇಜಿನ ಆಯ್ಕೆ ಪರೀಕ್ಷೆಗೆ ಸಿದ್ಧಮಾಡಿದರು. ಸೀಟು ಸಿಕ್ಕಿದರೆ ಹೋಗಲಿ, ಸಿಗದಿದ್ದರೆ ಈರೋಡಿಗೆ ಹೋಗಿ ಟೀಚರ್ ಟ್ರೈನಿಂಗ್ ಸೇರಬೇಕು, ಮತ್ತೆ ಮೃದಂಗದ ಮಾತೆತ್ತಬಾರದು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಸಲ ತಾಳಮಲೆ ಕಡೆಯಿಂದ ಇಳಿದ ಮಂಜು ದಿನಗಟ್ಟಲೆ ಬಿಡಲಿಲ್ಲ. ಕೊಟ್ಟಿಗೆಯ ತೇವಕ್ಕೆ ಮೃದಂಗದ ದನಿಯೇ ಕೂತುಹೋಯಿತು. ಇದಕ್ಕೆ ಬೆಚ್ಚಗಿನ ಜಾಗ ಬೇಕು ಎಂದು ಮೇಷ್ಟ್ರು ಜಗಲಿಯ ಮೇಲೆ ಕೂತು ಹೇಳಿದ್ದು ಒಳಗಿದ್ದ ಅಜ್ಜಿಯ ಕಿವಿಗೆ ಬಿದ್ದಿರಬೇಕು. ಅವರು ಹೋದ ಮೇಲೆ ಅವಳು ಕೊಟ್ಟಿಗೆಗೆ ನಡೆದು, ಸೆರಗು ಅಡ್ಡ ಹಿಡಿದು ಮೃದಂಗವನ್ನು ಎತ್ತಿ, ತನ್ನ ಕಟ್ಟಳೆಯನ್ನು ತಾನೇ ಮುರಿದು ಅಡುಗೆಮನೆಗೆ ತಂದಳು. ಒಲೆಯ ಮೇಲೆ ಬಿತ್ತನೆಗೆಂದು ತೂಗುಹಾಕಿದ್ದ ಮುಸುಕಿನ ಜೋಳದ ತೆನೆಗಳ ಮಗ್ಗುಲಲ್ಲಿ ಅದನ್ನೂ ತೂಗುಹಾಕಿದಳು. ಕೆಡಬಾರದ್ದೆಲ್ಲ ನಮ್ಮ ಮನೆಯಲ್ಲಿ ಹೊಗೆಗೇ ಸೇರುತ್ತಿತ್ತು. ನಾನೂ ಹಿಗ್ಗಿದೆ. ಮಾರನೆಯ ದಿನ ಬೆಳಗ್ಗೆ ಇಳಿಸಿ ನೋಡಿದರೆ, ಬಲಗಡೆಯ ಮುಖದಲ್ಲಿ ನಾದ ಹುಟ್ಟಿಸುವ ಕಪ್ಪು ಕರಣೆ ಕಾವಿಗೆ ಒಣಗಿ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಉದುರಿತು. ಪರೀಕ್ಷೆಗೆ ಉಳಿದಿದ್ದು ಒಂದೇ ದಿನ. ನಾನು ಒಲೆಯ ಮುಂದೆಯೇ ಕೂತು ಅತ್ತೆ.

ಅಜ್ಜಿ ಸ್ನಾನ ಮಾಡಿದವಳೇ, ಪೂಜೆಗೂ ನಿಲ್ಲದೆ, ನನ್ನನ್ನು ಎಬ್ಬಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮೃದಂಗ ಅವಳ ತೊಡೆಯ ಮೇಲೇ ಇತ್ತು. ಅಲ್ಲಿ ವಾದ್ಯ ರಿಪೇರಿ ಮಾಡುವವನ ಅಂಗಡಿಯಲ್ಲಿ ಅಳತೆಗೆ ಹೊಂದುವ, ಕರಣೆ ಹಾಕಿದ ಹೊಸ ಚರ್ಮದ ಮುಚ್ಚಿಗೆ ಇದ್ದದ್ದು ನಮ್ಮ ಪುಣ್ಯ. ಆದರೆ ಬಾರು ಬಿಗಿಯುವಾಗ ಇನ್ನೊಂದು ತುದಿ ಹಿಡಿಯುವ ಆಳು ಅವತ್ತು ಬಂದಿರಲಿಲ್ಲ. ಬಾರು ಹಿಡಿಯಲು ಅವನು ನನ್ನನ್ನು ಕರೆದ.

"ಕೂಸಿನ್ ಕೈ ನೊಂದ್ರೆ ನಾಳೀಕ್ ಬಾರ್ಸದೆಂಗೆ? ಇತ್ಲಾಗ್ ಕೊಡಪ್ಪ, ನಾನ್ ಇಡ್ಕತೀನಿ," ಎಂದಳು ಅಜ್ಜಿ.

ಅವನು ಅವಳ ಹಣೆಯ ವಿಭೂತಿ ನೋಡಿದ, ಕೊರಳಲ್ಲಿದ್ದ ಲಿಂಗ ನೋಡಿದ. "ಎಮ್ಮೆ ಚರ್ಮ ಕಣವ್ವ ಇದು," ಎಂದ.

"ಗೊತ್ತು. ಎಳಿ ನೀನು."

ನೆನೆದ ಬಾರನ್ನು ಎಡಗೈಗೆ ಸುತ್ತಿಕೊಂಡು ಕೂತವಳು ಹೊತ್ತು ಇಳಿಯುವವರೆಗೂ ಹಿಡಿತ ಸಡಿಲಿಸಲಿಲ್ಲ. ಪೂಜೆಯಾಗದೆ ಬಾಯಿಗೆ ನೀರೂ ಹಾಕದವಳು ಬೆಳಗ್ಗಿನಿಂದ ಉಪವಾಸವಿದ್ದಳು. ಕೆಲಸ ಮುಗಿದ ಮೇಲೆ ಅವನ ಹತ್ತಿರವೇ ಒಂದು ಚೊಂಬು ನೀರು ಕೇಳಿ ಕೈ ತೊಳೆದು, ಅವನ ಅಂಗಡಿಯ ಕಟ್ಟೆಯ ಮೇಲೇ ಕೂತು, ಬಾರು ಕೊರೆದು ಕೆಂಪು ಗೆರೆ ಮೂಡಿದ್ದ ಆ ಅಂಗೈಯ ಮೇಲೆ ಲಿಂಗವನ್ನು ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅವನು ಎದ್ದು ನಿಂತು ಕೈ ಮುಗಿದ.

ನನಗೆ ಸೀಟು ಸಿಕ್ಕಿತು. ಆಮೇಲೆ ಕಛೇರಿಗಳು, ಊರೂರು, ಕೊನೆಗೆ ಈ ಮೇಷ್ಟರಿಕೆ. ನನ್ನ ಪರಿಚಯ ಹೇಳುವವರು ಗುರುಗಳ ಹೆಸರನ್ನೆಲ್ಲ ಹೇಳುತ್ತಾರೆ. ಅಜ್ಜಿಯ ಹೆಸರು ಅದರಲ್ಲಿ ಬರುವುದಿಲ್ಲ, ಅವಳೂ ಆ ದಿನದ ಮಾತನ್ನು ಮತ್ತೆ ಯಾರ ಮುಂದೆಯೂ ತೆಗೆಯಲಿಲ್ಲ. ನನ್ನ ಬದುಕಿನ ಇಷ್ಟೆಲ್ಲ ನಾದವೂ ಅವಳು ಕೊಟ್ಟದ್ದು ಎಂದು ಅವಳಿಗೆ ಹೇಳಲು ನನಗೂ ಬಾಯಿ ಬರಲಿಲ್ಲ. ಅವಳು ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ಹೊಲದ ಬದಿಯ ಗುಣಿಯಲ್ಲಿ ಕೂರಿಸಿದರು. ಎಡಗೈಯಲ್ಲಿ ಲಿಂಗ ಇಡುವ ಮುಂಚೆ, ಒಂದು ಗಳಿಗೆ ತಡೀರಿ ಎಂದು ಸ್ವಾಮಿಗಳನ್ನು ಕೇಳಿಕೊಂಡು ನಾನು ಗುಣಿಗೆ ಇಳಿದೆ. ಆ ಅಂಗೈ ಬಿಡಿಸಿ ನನ್ನ ಹಣೆಗೆ ಒತ್ತಿಕೊಂಡೆ.